ಕಸದ ಮೂಲೆಯ ರಂಗೋಲಿ

ನಮ್ಮ ಮನೆಯವರು ತೀರಿಕೊಂಡು ಹದಿನಾಲ್ಕು ತಿಂಗಳಾದ ಮೇಲೆ ನಾನು ಕಲಾವಿದೆಯಾದೆ. ಅದಕ್ಕೆ ಮುಂಚೆ ಐವತ್ತೆಂಟು ವರ್ಷ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಕರೆದವಳು ನಮ್ಮ ಮೇಲಿನ ಮನೆಗೆ ಬಾಡಿಗೆಗೆ ಬಂದ ಹುಡುಗಿ. ಚಿತ್ರಕಲೆ ಓದಿದವಳು. ಅವಳ ಬಾಯಲ್ಲಿ ಪಾತ್ರೆ ತೊಳೆಯುವವಳೂ ಆರ್ಟಿಸ್ಟೇ, ಹೂವು ಕಟ್ಟುವವಳೂ ಆರ್ಟಿಸ್ಟೇ. ಹಾಗಾಗಿ ನಾನು ಆ ಬಿರುದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಸುಬ್ರಹ್ಮಣ್ಯಪುರದಲ್ಲಿ ನಮ್ಮದು ಮೂರು ಅಂತಸ್ತಿನ ಮನೆ. ಕೆಳಗೆ ನಾನಿದ್ದೇನೆ, ಮೇಲೆ ಬಾಡಿಗೆಯವರು. ಪಕ್ಕದ ಮನೆ ನನ್ನ ಮೈದುನನದು. ಎರಡು ಮನೆಗೂ ನಡುವಿನ ಗೋಡೆ ಒಂದೇ, ಗೇಟು ಬೇರೆ. ನಾನು ಮದುವೆಯಾಗಿ ಬರುವಾಗ ಇಲ್ಲಿ ಅರ್ಧ ಹೊಲ, ಅರ್ಧ ಸೈಟು ಇತ್ತು. ಈಗ ಎಲ್ಲಾ ಸೈಟೇ. ಉತ್ತರಹಳ್ಳಿ ರಸ್ತೆಯ ಹಾರ್ನು ಬೆಳಗಿನ ಆರಕ್ಕೇ ಅಡುಗೆಮನೆಯವರೆಗೂ ಬರುತ್ತದೆ.

ನಮ್ಮ ಮನೆಯವರು ಹೋದದ್ದು ಒಂದು ಬೆಳಿಗ್ಗೆ, ಕಾಫಿ ಕುಡಿದ ಮೇಲೆ. ಲೋಟ ಕೆಳಗಿಟ್ಟರು. ನಾನು ಅದನ್ನು ಎತ್ತಿಕೊಳ್ಳಲು ಬಗ್ಗಿ ಮತ್ತೆ ನೆಟ್ಟಗಾಗುವಷ್ಟರಲ್ಲಿ ಅವರ ತಲೆ ಒಂದು ಪಕ್ಕಕ್ಕೆ ವಾಲಿತ್ತು. ನಾನು ಲೋಟವನ್ನು ಸಿಂಕಿನಲ್ಲಿಟ್ಟು, ನೀರು ಬಿಟ್ಟು, ಆಮೇಲೆ ಮೈದುನನನ್ನು ಕೂಗಿದೆ. ಮೊದಲು ಲೋಟ ಯಾಕೆ ಇಟ್ಟೆ ಎಂದು ಇವತ್ತಿಗೂ ನನಗೆ ತಿಳಿದಿಲ್ಲ.

ನನಗೆ ಅಳು ಬರಲಿಲ್ಲ. ಹನ್ನೊಂದರ ದಿನವೂ ಬರಲಿಲ್ಲ. ನೆಂಟರು ಒಬ್ಬರಿಗೊಬ್ಬರು, ಪಾಪ ಎದೆ ಗಟ್ಟಿ ಮಾಡಿಕೊಂಡಿದ್ದಾಳೆ ಎಂದುಕೊಂಡರು. ಗಟ್ಟಿಯೂ ಇಲ್ಲ, ಏನೂ ಇಲ್ಲ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಇರುತ್ತದಲ್ಲ, ಹಾಗಿತ್ತು ನನಗೆ. ಬೆರಳಿಟ್ಟರೆ ಅಲ್ಲಿದೆ ಎಂದು ಗೊತ್ತಾಗುತ್ತದೆ, ತನ್ನದು ಅನ್ನಿಸುವುದಿಲ್ಲ. ಬೆಳಿಗ್ಗೆ ಎದ್ದು ಹಾಲು ಕಾಯಿಸುತ್ತಿದ್ದೆ, ಮಧ್ಯಾಹ್ನ ಸಾರು ಮಾಡುತ್ತಿದ್ದೆ, ಸಂಜೆ ಸೋಫಾದ ಮೇಲೆ ಕುಳಿತು ಟಿವಿ ನೋಡುತ್ತಿದ್ದೆ. ಧಾರಾವಾಹಿಯಲ್ಲಿ ಯಾರು ಯಾರ ಸೊಸೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ನನ್ನ ಬಳೆ ಯಾರೂ ತೆಗೆಸಲಿಲ್ಲ. ಕುಂಕುಮಕ್ಕೂ ಯಾರೂ ಏನೂ ಅನ್ನಲಿಲ್ಲ. ಈಗೆಲ್ಲ ಅದನ್ನು ಯಾರು ಮಾಡುತ್ತಾರೆ, ಕಾಲ ಬದಲಾಗಿದೆ ಎಂದು ದೊಡ್ಡವರೇ ಹೇಳಿದರು. ಒಂದು ಮಾತ್ರ ಆಯಿತು. ಹೊಸಿಲ ಪಕ್ಕದ ಗೂಡಿನಲ್ಲಿ ನನ್ನ ರಂಗೋಲಿ ಡಬ್ಬ ಇರುತ್ತಿತ್ತು, ಹಳೆಯ ಹಾರ್ಲಿಕ್ಸ್ ಡಬ್ಬ. ಅದು ಹನ್ನೆರಡನೆಯ ದಿನದಿಂದ ಅಲ್ಲಿ ಇರಲಿಲ್ಲ. ಪಕ್ಕದ ಮನೆಯ ಗೂಡಿನಲ್ಲಿತ್ತು. ನನ್ನ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ, ಬೆಳಿಗ್ಗೆ ತನ್ನ ಬಾಗಿಲಿಗೆ ಹಾಕಿ, ಹಾಗೇ ಬಂದು ನನ್ನ ಬಾಗಿಲಿಗೂ ಹಾಕಿ ಹೋಗುತ್ತಿದ್ದಳು. ಅವಳದು ಅವಸರದ ಕೈ. ನಾಲ್ಕು ಗೆರೆ, ಒಂದು ಕಮಲ, ಮುಗಿಯಿತು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಕಮಲದ ಎಸಳು ಒಂದು ಕಡೆ ಮೂರು, ಇನ್ನೊಂದು ಕಡೆ ನಾಲ್ಕು.

ಇಲ್ಲಿ ನನ್ನ ಜಂಬವನ್ನೂ ಸ್ವಲ್ಪ ಹೇಳಿಕೊಳ್ಳಬೇಕು. ಇಪ್ಪತ್ತು ವರ್ಷ ನಮ್ಮ ಬಡಾವಣೆಯ ಗಣೇಶನ ಮುಂದೆ ರಂಗೋಲಿ ಹಾಕಿದವಳು ನಾನು. ಸಂಘದವರು ಶಾಮಿಯಾನಕ್ಕೆ ಹೇಳುವ ಮುಂಚೆ ನನಗೆ ಹೇಳುತ್ತಿದ್ದರು. ಇಪ್ಪತ್ತೊಂದು ಚುಕ್ಕಿ, ಹನ್ನೊಂದಕ್ಕೆ ನಿಲ್ಲುವುದು. ಒಂದು ಎಳೆ ಹೊರಟರೆ ಎಲ್ಲ ಚುಕ್ಕಿಯನ್ನೂ ಸುತ್ತಿ ಹೊರಟಲ್ಲಿಗೇ ಬಂದು ಸೇರಬೇಕು. ಜಯನಗರದಿಂದ ಬಂದ ನೆಂಟರು ಸೀರೆ ಎತ್ತಿ ಹಿಡಿದು ಬಗ್ಗಿ ಬಗ್ಗಿ ನೋಡಿ, ಎಳೆಯ ಕೊನೆ ಎಲ್ಲಿದೆ ಎಂದು ಹುಡುಕಿ ಸೋತು ಎದ್ದಿದ್ದಾರೆ. ನಮ್ಮ ಮನೆಯವರು ತೀರಿಕೊಂಡ ವರ್ಷ ಎರಡು ಮನೆಗೂ ಹಬ್ಬವಿರಲಿಲ್ಲ. ಹಾಗಾಗಿ ನನ್ನನ್ನು ಕರೆಯುವ ಪ್ರಶ್ನೆ ಬರಲಿಲ್ಲ, ಕರೆಯದಿರುವ ಪ್ರಶ್ನೆಯೂ ಬರಲಿಲ್ಲ. ಆ ವರ್ಷ ಹಾಗೇ ಕಳೆಯಿತು.

ಮೇಲಿನ ಮನೆಯ ಹುಡುಗಿ ಒಂದು ದಿನ ನೀರಿನ ಮೋಟಾರು ಹಾಕಿ ಎಂದು ಹೇಳಲು ಕೆಳಗೆ ಬಂದಳು. ಮೋಟಾರು ಹಾಕಿದ ಮೇಲೂ ನಿಂತೇ ಇದ್ದಳು.

"ಆಂಟಿ, ಅಸೋಸಿಯೇಷನ್ ಗ್ರೂಪಲ್ಲಿ ಹಳೇ ಗಣೇಶನ ಹಬ್ಬದ ಫೋಟೋ ಹಾಕಿದ್ರು. ಆ ರಂಗೋಲಿ ನಿಮ್ದಂತೆ?"

"ಯಾರು ಹೇಳಿದ್ದು?"

"ಎಲ್ರೂ ಹೇಳ್ತಾರೆ. ಆಂಟಿ, ನೀವು ಲೋಕಲ್ ಆರ್ಟಿಸ್ಟ್. ನಾನು ಇಂಥವ್ರನ್ನೇ ಹುಡುಕ್ತಾ ಇದ್ದೆ."

ಅವಳೂ ಅವಳ ಸ್ನೇಹಿತರೂ ಸೇರಿ ಬಡಾವಣೆ ಬಡಾವಣೆಗೆ ಹೋಗಿ, ಅಲ್ಲಿನ ಜನರನ್ನೇ ಕೂರಿಸಿಕೊಂಡು ಗೋಡೆಗೆ, ರಸ್ತೆಗೆ ಚಿತ್ರ ಬರೆಸುವ ಕಾರ್ಯಕ್ರಮ ನಡೆಸುತ್ತಿದ್ದರು. ತಿಲಕ್ ನಗರದ ಒಂದು ಗಲ್ಲಿಯಲ್ಲಿ ಮಾಡಿದ್ದರಂತೆ, ಬನಶಂಕರಿ ಕಡೆ ಒಂದು ಪಾರ್ಕಿನಲ್ಲಿ ಮಾಡಿದ್ದರಂತೆ. ಈಗ ನಮ್ಮಲ್ಲಿ. ಜಾಗ ಯಾವುದೆಂದರೆ ಮುಂದಿನ ಕ್ರಾಸಿನ ಖಾಲಿ ಸೈಟಿನ ಮೂಲೆ, ಟ್ರಾನ್ಸ್‌ಫಾರ್ಮರ್ ಪಕ್ಕ. ಅದು ಇಡೀ ಬಡಾವಣೆಯ ತಿಪ್ಪೆ. ಎಳನೀರಿನ ಬುರುಡೆ, ಮಕ್ಕಳ ಡೈಪರು, ಬಿರಿಯಾನಿ ಡಬ್ಬ, ಒಂದು ಸಲ ಇಡೀ ಹಾಸಿಗೆ. ಸ್ಕೂಟರಿನಲ್ಲಿ ಹೋಗುವವರು ನಿಲ್ಲಿಸದೆಯೇ ಚೀಲ ಎಸೆದು ಹೋಗುತ್ತಿದ್ದರು. ಗುರಿ ಮಾತ್ರ ತಪ್ಪುತ್ತಿರಲಿಲ್ಲ.

"ನಾನು ಹಾಕೋದು ಬಿಟ್ಟಿದೀನಮ್ಮ," ಎಂದೆ.

"ಯಾಕಾಂಟಿ?"

"ಹಾಗೇ."

"ಕಸದ ಜಾಗ ಅಷ್ಟೇ ಆಂಟಿ. ದೇವಸ್ಥಾನ ಏನಲ್ಲ."

ಹುಡುಗಿಯ ಮನಸ್ಸಿನಲ್ಲಿ ಏನೂ ಇರಲಿಲ್ಲ, ಹೆದರಬೇಡಿ ಎನ್ನುವುದಕ್ಕೆ ಹಾಗೆಂದಳು. ನನಗೂ ಅದು ಸರಿಯೆನಿಸಿತು. ಕಸದ ಮುಂದೆ ನಾನು ಯಾರಾದರೇನು. ವಾರಗಿತ್ತಿಗೆ ಹೇಳಿದೆ. ಅವಳೂ, "ಹೋಗ್ಬನ್ನಿ ಅಕ್ಕ, ಸ್ವಲ್ಪ ಆಚೆ ಓಡಾಡಿದಂಗಾಗುತ್ತೆ. ಕಸದ ಜಾಗ ತಾನೇ," ಎಂದಳು.

ಮೊದಲ ಶನಿವಾರ ಹೋದಾಗ ಪೌರಕಾರ್ಮಿಕ ಹೆಂಗಸು ಆ ಮೂಲೆಯನ್ನು ತೊಳೆದು ಬ್ಲೀಚಿಂಗ್ ಪುಡಿ ಚೆಲ್ಲಿದ್ದಳು. ಕಣ್ಣು ಉರಿಯುತ್ತಿತ್ತು. ಅಪಾರ್ಟ್‌ಮೆಂಟಿನ ಆರೇಳು ಹೆಂಗಸರು ಬ್ರಷ್ ಹಿಡಿದು ನಿಂತಿದ್ದರು. ಸಂಘದ ಕಾರ್ಯದರ್ಶಿ ಕೊಡೆ ಹಿಡಿದುಕೊಂಡು ಬಂದಿದ್ದರು. ಸರ್ಕಾರಿ ಕೆಲಸದಿಂದ ನಿವೃತ್ತರಾದವರು ಅವರು. ಎಲ್ಲಿ ನಾಲ್ಕು ಜನ ಕೆಲಸ ಮಾಡುತ್ತಾರೋ ಅಲ್ಲಿ ಅವರು ಐದನೆಯವರಾಗಿ ನಿಂತಿರುತ್ತಾರೆ. ಮಂಡಿ ಲಟಕ್ಕೆಂದರೂ ನಾನು ಕುಕ್ಕರುಗಾಲಿನಲ್ಲಿ ಕುಳಿತೆ. ಹುಡುಗಿ ತಂದಿದ್ದ ಪುಡಿಯನ್ನು ಹೆಬ್ಬೆಟ್ಟು ಮತ್ತು ತೋರುಬೆರಳಿನ ನಡುವೆ ಹಿಡಿದು ಮೊದಲ ಚುಕ್ಕಿ ಇಟ್ಟೆ.

ಖುಷಿಯಾಯಿತು ಎಂದರೆ ಸುಳ್ಳಾಗುತ್ತದೆ. ಪುಡಿ ಬೆರಳಿಗೆ ತಾಗುವುದು ಗೊತ್ತಾಯಿತು, ಅಷ್ಟೇ. ಒರಟಾಗಿತ್ತು, ಸ್ವಲ್ಪ ತಣ್ಣಗಿತ್ತು. ಹದಿನಾಲ್ಕು ತಿಂಗಳಿನಲ್ಲಿ ನನಗೆ ಹೀಗೆ ಸರಿಯಾಗಿ ಗೊತ್ತಾದ ಮೊದಲ ವಸ್ತು ಅದು. ಮನೆಗೆ ಬಂದು ಕೈ ತೊಳೆಯಲಿಲ್ಲ. ಹಾಗೇ ಊಟಕ್ಕೆ ಕುಳಿತೆ. ಆಮೇಲೆ ಸಂಜೆ ಸೋಫಾದ ಮೇಲೆ ಕುಳಿತಾಗ, ಇನ್ನು ಆರು ದಿನಕ್ಕೆ ಮತ್ತೆ ಶನಿವಾರ ಎಂದು ಲೆಕ್ಕ ಹಾಕುತ್ತಿದ್ದೆ. ಅದನ್ನು ಗಮನಿಸಿ ನನಗೇ ಹೆದರಿಕೆಯಾಯಿತು. ಇದೊಂದು ಕೈತಪ್ಪಿದರೆ ನಾನು ಈ ಸೋಫಾದಿಂದ ಏಳುವವಳಲ್ಲ ಎಂದು ಗೊತ್ತಾಗಿಹೋಯಿತು.

ಪೇಂಟಿನ ವಿಷಯಕ್ಕೆ ಹುಡುಗಿಗೂ ನನಗೂ ಜಗಳವಾಯಿತು. ರಂಗೋಲಿ ಎಂದರೆ ಇವತ್ತು ಹಾಕಿ ನಾಳೆ ಅಳಿಸುವುದು. ಅಳಿಸಲಾಗದ್ದು ರಂಗೋಲಿಯಲ್ಲ, ನೆಲಕ್ಕೆ ಬಳಿದ ಬಣ್ಣ. ನಾನು ಹಾಗೆಂದೆ.

"ದಿನಾ ಬಂದು ಹಾಕೋಕಾಗುತ್ತಾ ಆಂಟಿ? ಪುಡಿ ಆದ್ರೆ ಒಂದು ಮಳೆಗೆ ಹೋಯ್ತು. ಅವತ್ತೇ ಕಸ ಬಂತು," ಎಂದಳು.

ಕೊನೆಗೆ ಒಂದು ಏರ್ಪಾಡು ಮಾಡಿಕೊಂಡೆವು. ನಡುವಿನ ದೊಡ್ಡ ರಂಗೋಲಿಗೆ ನಾನು ಪುಡಿಯಲ್ಲಿ ಎಳೆ ಎಳೆದು ಕೊಡುವುದು, ಹೆಂಗಸರು ಅದರ ಮೇಲೆಯೇ ಬ್ರಷ್ ಓಡಿಸಿ ರಸ್ತೆಗೆ ಬಳಿಯುವ ಬಿಳಿ ಬಣ್ಣ ತುಂಬುವುದು. ಸುತ್ತಲಿನ ಅಂಚು ಮಾತ್ರ ಪುಡಿಯದೇ. ಅದನ್ನು ಪ್ರತಿ ಶನಿವಾರ ನಾನು ಹೊಸದಾಗಿ ಹಾಕಬೇಕು. ಬ್ರಷ್ ಹಿಡಿದ ಒಬ್ಬಾಕೆ ನನ್ನ ಎಳೆಯ ಮೇಲೆ ಹೋಗಲಾಗದೆ ಪಕ್ಕಕ್ಕೆ ಜಾರಿ, "ಸಾರಿ ಆಂಟಿ, ಸಾರಿ ಆಂಟಿ," ಎಂದು ಅಳುಮೋರೆ ಮಾಡಿದಳು. ಅವಳನ್ನು ಎಬ್ಬಿಸಿ ನಾನೇ ಬಣ್ಣ ತುಂಬಿದೆ. ಕಮ್ಯುನಿಟಿ ಕಾರ್ಯಕ್ರಮದಲ್ಲಿ ಹಾಗೆ ಮಾಡಬಾರದಂತೆ. ಹುಡುಗಿ ಮೆಲ್ಲಗೆ ಹೇಳಿದಳು.

ರಂಗೋಲಿ ಕೆಲಸ ಮಾಡಿತು. ಎರಡನೆಯ ವಾರ ನಾನೇ ನೋಡಿದೆ, ಸ್ಕೂಟರಿನವನೊಬ್ಬ ಹ್ಯಾಂಡಲಿಗೆ ಕಸದ ಚೀಲ ನೇತುಹಾಕಿಕೊಂಡು ಬಂದವನು ಮೂಲೆಯಲ್ಲಿ ನಿಧಾನ ಮಾಡಿದ. ನೆಲ ನೋಡಿದ. ಕೈ ಎತ್ತಿ ಎದೆ ಮುಟ್ಟಿಕೊಂಡು ಮುಂದೆ ಹೋದ. ಕಸವನ್ನೇನೂ ಮನೆಗೆ ಒಯ್ಯಲಿಲ್ಲ, ಅದರಾಚೆಯ ಕ್ರಾಸಿನಲ್ಲಿ ಎಸೆದ. ಆ ಕ್ರಾಸಿನವರು ನಮ್ಮ ಕಲೆಗೆ ಹಿಡಿ ಶಾಪ ಹಾಕಿರಬೇಕು.

ಪೌರಕಾರ್ಮಿಕ ಹೆಂಗಸು ಒಂದು ದಿನ ತನ್ನ ಜಡೆಯಿಂದ ಸೇವಂತಿಗೆ ತೆಗೆದು ರಂಗೋಲಿಯ ನಡುವೆ ಇಟ್ಟಳು. "ಇಷ್ಟು ಚೆನ್ನಾಗಿ ಹಾಕಿದೀರ, ಖಾಲಿ ಯಾಕಿರ್ಬೇಕು ಅಂತ ಅಕ್ಕ," ಎಂದಳು. ಅಲ್ಲಿಂದ ಎಲ್ಲ ಶುರುವಾಯಿತು. ಮಾರನೆಯ ದಿನ ಯಾರೋ ಎರಡು ಊದುಬತ್ತಿ ಸಿಕ್ಕಿಸಿದ್ದರು. ಶುಕ್ರವಾರ ಕುಯ್ದ ನಿಂಬೆಹಣ್ಣು ಬಂತು. ಆಮೇಲಿನ ವಾರ ಒಂದು ಒಡೆದ ಗಾಜಿನ ವೆಂಕಟರಮಣ ಸ್ವಾಮಿ ಬಂದು ಟ್ರಾನ್ಸ್‌ಫಾರ್ಮರ್ ಕಂಬಕ್ಕೆ ಒರಗಿ ನಿಂತರು. ನಮ್ಮ ಜನ ಹಳೆಯ ದೇವರ ಪಟವನ್ನು ಕಸಕ್ಕೆ ಹಾಕುವುದಿಲ್ಲ, ಮನೆಯಲ್ಲೂ ಇಟ್ಟುಕೊಳ್ಳುವುದಿಲ್ಲ. ಎಲ್ಲಾದರೂ ಅಶ್ವತ್ಥಕಟ್ಟೆ ಹುಡುಕುತ್ತಾರೆ. ಇಲ್ಲಿ ಅಶ್ವತ್ಥಕಟ್ಟೆಯ ಬದಲು ನನ್ನ ರಂಗೋಲಿ ಸಿಕ್ಕಿತು. ಒಂದು ತಿಂಗಳಲ್ಲಿ ಸೊಂಡಿಲು ಹೋದ ಗಣಪತಿ, ಹೋದ ವರ್ಷದ ಲಕ್ಷ್ಮಿ ಕ್ಯಾಲೆಂಡರು, ಬಿರುಕು ಬಿಟ್ಟ ತುಳಸಿ ಕುಂಡ, ಪ್ಲಾಸ್ಟಿಕ್ ಹಾರದ ಸಮೇತ ಯಾರದೋ ಮನೆದೇವರು, ಎಲ್ಲರೂ ಬಂದು ಸಾಲಾಗಿ ಕುಳಿತರು.

ಹುಡುಗಿಗೆ ಹಿಡಿಸಲಾರದ ಸಂಭ್ರಮ. "ಆಂಟಿ, ಜನ ಆ ಜಾಗನ ತಮ್ದು ಅಂತ ಅಂದ್ಕೊಂಡಿದಾರೆ!" ಎಂದು ಫೋಟೋ ತೆಗೆದದ್ದೇ ತೆಗೆದದ್ದು. ಪೌರಕಾರ್ಮಿಕ ಹೆಂಗಸು ಮಾತ್ರ ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ಕೇಳಿದಳು. "ಕಸ ಆಗಿದ್ರೆ ಎತ್ತಿ ಗಾಡಿಗೆ ಹಾಕ್ತಿದ್ದೆ ಅಕ್ಕ. ಇವ್ರನ್ನ ಹೆಂಗೆ ಹಾಕ್ಲಿ? ನೀವೇ ಹೇಳಿ." ಹೂವಿಟ್ಟು ಶುರು ಮಾಡಿದ್ದು ನೀನೇ ಎಂದು ಹೇಳಲು ಬಾಯಿ ಬರಲಿಲ್ಲ.

ಮಳೆಗಾಲದ ಕೊನೆಯ ಹೊತ್ತಿಗೆ ಯಾರೋ ನಾಲ್ಕು ಇಟ್ಟಿಗೆ ಜೋಡಿಸಿ ಸಣ್ಣ ಕಟ್ಟೆ ಮಾಡಿದರು. ಆಫೀಸಿಗೆ ಹೋಗುವ ಒಬ್ಬಾಕೆ ಹೆಲ್ಮೆಟ್ಟಿನಲ್ಲೇ ಮೂರು ಸುತ್ತು ಹಾಕಿ ಹೋಗುತ್ತಿದ್ದಳು. ಒಂದು ಶನಿವಾರ ನಾನು ಅಂಚು ಹಾಕುತ್ತಿದ್ದಾಗ ಕಾರ್ಯದರ್ಶಿ ಬಂದು ಹತ್ತಿರದಲ್ಲಿ ನಿಂತರು. ಚಪ್ಪಲಿ ಬಿಟ್ಟು ನಿಂತಿದ್ದರು.

"ಜಾಗಕ್ಕೆ ಒಂದು ಲಕ್ಷಣ ಬಂತು ಮೇಡಂ, ನಿಮ್ಮಿಂದ. ಈ ಸಲ ಗಣೇಶನ್ನ ಇಲ್ಲೇ ಕೂರಿಸೋಣ ಅಂತ ಕಮಿಟೀಲಿ ತೀರ್ಮಾನ ಆಗಿದೆ."

ನಾನು ಆಗಲಿ ಎಂದು ತಲೆಯಾಡಿಸಿದೆ. ಮನೆಗೆ ಬಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಇಪ್ಪತ್ತೊಂದು ಚುಕ್ಕಿ ಇಟ್ಟೆ. ಹಬ್ಬಕ್ಕೆಂದು ಅಂಚನ್ನು ದೊಡ್ಡದು ಮಾಡಬೇಕು, ನಾಲ್ಕು ಮೂಲೆಗೆ ನಾಲ್ಕು ನವಿಲು ಬರಬೇಕು ಎಂದು ಯೋಚಿಸಿದೆ. ಮೂರು ದಿನ ಸಂಜೆ ಟಿವಿ ಹಾಕಲಿಲ್ಲ. ನಾಲ್ಕನೆಯ ದಿನ ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಹಬ್ಬದ ಪಟ್ಟಿ ಬಂತು. ಹೂವಿನ ಸೇವೆ ಇಂಥವರು, ಪ್ರಸಾದ ಸೇವೆ ಇಂಥವರು ಎಂದೆಲ್ಲ ಇತ್ತು. ಆರನೆಯ ಸಾಲು ಹೀಗಿತ್ತು: ರಂಗೋಲಿ ಸೇವೆ, ಮುತ್ತೈದೆಯರು ದಯವಿಟ್ಟು ಹೆಸರು ಕೊಡಬೇಕಾಗಿ ವಿನಂತಿ. ಅದರ ಕೆಳಗೆ ನನ್ನ ವಾರಗಿತ್ತಿಯ ಹೆಸರು ಮೊದಲು.

ಹುಡುಗಿ ಅವತ್ತು ಸಂಜೆ ಕೆಳಗೆ ಬಂದಳು. ಬಾಗಿಲಲ್ಲೇ ನಿಂತು ಉಗುರು ಕಚ್ಚುತ್ತಿದ್ದಳು.

"ಆಂಟಿ, ನಾನು ಸೆಕ್ರೆಟರಿ ಅಂಕಲ್‌ನ ಕೇಳ್ದೆ. ಪ್ರೋಗ್ರಾಮ್ ಬೇರೆ, ಪೂಜೆ ಬೇರೆ ಅಲ್ವೇನಮ್ಮ ಅಂದ್ರು."

"ನೀನೇನಂದೆ?"

"ಏನೂ ಅನ್ಲಿಲ್ಲ. ಅವ್ರು ಪರ್ಮಿಶನ್ ಕೊಡ್ಲಿಲ್ಲ ಅಂದ್ರೆ ನಮ್ಗೆ ಅಲ್ಲಿ ಮುಂದೆ ಏನೂ ಮಾಡೋಕಾಗಲ್ಲ ಆಂಟಿ."

"ಸರಿ ಹೋಗಮ್ಮ," ಎಂದೆ. ನನಗೂ ಏನೂ ಅನ್ನಿಸಲಿಲ್ಲ. ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿದು ಕೈಗೆ ತಾಗಿತು, ಅದೂ ದೂರದಲ್ಲಿ ಯಾರಿಗೋ ತಾಗಿದ ಹಾಗಿತ್ತು. ಕ್ಯಾಲೆಂಡರನ್ನು ಮಡಚಿ ಅಲಮಾರದ ಕೆಳಗಿನ ಅರೆಗೆ ಹಾಸಿದೆ.

ಹಬ್ಬದ ದಿನ ಬೆಳಿಗ್ಗೆ ಹಾಲು ತರಲು ಹೋಗುವಾಗ ಮೂಲೆ ದಾಟಲೇಬೇಕಿತ್ತು. ಶಾಮಿಯಾನ ಹಾಕಿದ್ದರು. ಹಳೆಯ ಪಟಗಳನ್ನೆಲ್ಲ ಒಂದು ನೀಲಿ ಟಾರ್ಪಾಲಿನ ಹಿಂದೆ ಸೇರಿಸಿದ್ದರು. ಹೆಂಗಸರು ನಡುವಿನ ಬಣ್ಣದ ರಂಗೋಲಿಯ ಮೇಲೆಯೇ ಪುಡಿ ಉದುರಿಸಿದ್ದರು, ಹಾಗಾಗಿ ಅದು ಚೆನ್ನಾಗಿಯೇ ಬಂದಿತ್ತು. ಸುತ್ತಲಿನ ಅಂಚಿನಲ್ಲಿ ಚುಕ್ಕಿ ಎಣಿಸುವುದು ತಪ್ಪಿಹೋಗಿತ್ತು. ಒಂದು ಸಾಲಿಗೆ ಹದಿನೇಳು, ಅದರ ಪಕ್ಕದ್ದಕ್ಕೂ ಹದಿನೇಳು. ಎಳೆ ಹೋಗಿ ಎಲ್ಲೂ ಸೇರದೆ ನಿಂತಿತ್ತು. ಅದರ ಮೇಲೆ ಚೆಂಡುಹೂವಿನ ಎಸಳು ಸುರಿದು ಮುಚ್ಚಿದ್ದರು. ವಾರಗಿತ್ತಿ ಬಗ್ಗಿಕೊಂಡು ಹೂವು ಹರಡುತ್ತಿದ್ದವಳು ನನ್ನನ್ನು ನೋಡಿ ಮುಖ ಕೆಳಗೆ ಹಾಕಿದಳು.

ಶಾಮಿಯಾನದ ಒಳಗೆ ದೊಡ್ಡ ಬ್ಯಾನರಿನಲ್ಲಿ ನನ್ನ ಚಿತ್ರ ಇತ್ತು. ಕುಕ್ಕರುಗಾಲಿನಲ್ಲಿ ಕುಳಿತು ಎಳೆ ಎಳೆಯುತ್ತಿರುವುದು. ಕಸದ ಮೂಲೆಯನ್ನು ಕಲೆಯ ತಾಣವಾಗಿಸಿದ ನಮ್ಮ ಸ್ಥಳೀಯ ಕಲಾವಿದೆಗೆ ಅಭಿನಂದನೆ ಎಂದು ಬರೆದಿತ್ತು. ಕೆಳಗೆ ಕಾರ್ಯದರ್ಶಿಗಳ ಚಿತ್ರ, ನನ್ನದಕ್ಕಿಂತ ಸ್ವಲ್ಪ ದೊಡ್ಡದು. ಪಟವಾಗಿ ನಾನು ಒಳಗೆ ಇರಬಹುದು ಎಂದಾಯಿತು. ಯಾರೋ ಕೈಗೆ ದೊನ್ನೆಯಲ್ಲಿ ಉಸಲಿ ಕೊಟ್ಟರು. ರಸ್ತೆಯ ಈ ಕಡೆ ನಿಂತು ತಿಂದೆ, ಉಪ್ಪು ಕಡಿಮೆಯಾಗಿತ್ತು. ಹಾಲು ತೆಗೆದುಕೊಂಡು ಮನೆಗೆ ಬಂದೆ.

ಆಮೇಲಿನದನ್ನು ಬಡಾವಣೆಯಲ್ಲಿರುವ ಯಾರಾದರೂ ಊಹಿಸಬಹುದು. ಗಣೇಶ ಹೋದ. ಶಾಮಿಯಾನದ ಕಂಬಕ್ಕೆಂದು ತೋಡಿದ ಗುಣಿಗಳು ರಂಗೋಲಿಯ ನಡುವೆಯೇ ಉಳಿದವು. ಬಾಳೆಕಂದು, ದೊನ್ನೆ, ಬಾಡಿದ ಹಾರಗಳನ್ನು ಮೂಲೆಗೆ ರಾಶಿ ಹಾಕಿ ನಾಳೆ ಗಾಡಿಯವರು ಎತ್ತುತ್ತಾರೆ ಎಂದು ಹೋದರು. ರಾಶಿ ಕಂಡ ಸ್ಕೂಟರುಗಳಿಗೆ ಹಳೆಯ ಗುರಿ ನೆನಪಾಯಿತು. ಎರಡು ವಾರದಲ್ಲಿ ಎಳನೀರು ಬುರುಡೆಯೂ ಬಂತು, ಡೈಪರೂ ಬಂತು. ದೇವರುಗಳು ಟಾರ್ಪಾಲಿನ ಹಿಂದೆಯೇ ಇದ್ದರು. ಶನಿವಾರಗಳಲ್ಲಿ ನಾನು ಸೋಫಾದ ಮೇಲಿದ್ದೆ.

ಮೂರನೆಯ ವಾರ ಹುಡುಗಿ ಬಂದಳು. "ಆಂಟಿ, ಮತ್ತೆ ಕ್ಲೀನ್ ಮಾಡಿಸ್ತಾ ಇದೀವಿ. ಅಂಕಲ್ಲೇ ಹೇಳಿದ್ರು, ಅವ್ರನ್ನ ಕರೀರಿ, ಅವ್ರು ಹಾಕಿದ್ರೇ ಕಸ ನಿಲ್ಲೋದು ಅಂತ. ಈ ಶನಿವಾರ ಬರ್ತೀರಾ?"

ಎದೆಯಲ್ಲಿ ಏನೋ ಬಿಸಿಯಾಗಿ ಎದ್ದಿತು. ಕೋಪ ಎಂದು ಗುರುತಿಸಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು, ಅಷ್ಟು ದಿನವಾಗಿತ್ತು ಅದನ್ನು ಕಂಡು. ಹುಡುಗಿಗೆ ನಾಳೆ ಹೇಳುತ್ತೇನೆ ಎಂದು ಕಳಿಸಿ, ಚಪ್ಪಲಿ ಸಹ ಹಾಕಿಕೊಳ್ಳದೆ ಪಕ್ಕದ ಮನೆಗೆ ಹೋದೆ. ವಾರಗಿತ್ತಿ ನೆಲದ ಮೇಲೆ ಪೇಪರು ಹಾಸಿಕೊಂಡು ದಂಟಿನ ಸೊಪ್ಪು ಬಿಡಿಸುತ್ತಿದ್ದಳು.

"ಕಸ ಬಿದ್ರೆ ನಾನು ಬೇಕು. ದೇವ್ರು ಬಂದ್ರೆ ನೀನು. ಚೆನ್ನಾಗಿದೆ ಕಣೆ ಲೆಕ್ಕ," ಎಂದೆ.

ಅವಳ ಕೈ ನಿಂತಿತು. "ನಾನು ಹೆಸ್ರು ಕೊಟ್ಟಿರ್ಲಿಲ್ಲ ಅಕ್ಕ. ಅವ್ರೇ ಹಾಕ್ಕೊಂಡ್ರು."

"ನಮ್ಮಕ್ಕ ಹಾಕ್ತಾರೆ ಅಂತ ಒಂದು ಮಾತು ಹೇಳ್ಬೋದಿತ್ತು. ಒಂದೇ ಒಂದು ಮಾತು. ನಿನ್ಗೆ ಚುಕ್ಕಿ ಎಣ್ಸೋಕೂ ಬರಲ್ಲ."

"ಬರಲ್ಲ ಅಕ್ಕ," ಎಂದಳು. ಸೊಪ್ಪನ್ನು ಪೇಪರಿನ ಮೇಲಿಟ್ಟಳು. "ಬೇಜಾರು ಮಾಡ್ಕೋಬೇಡಿ, ಒಂದು ಮಾತು ಹೇಳ್ತೀನಿ. ಇದನ್ನೆಲ್ಲ ನಾನು ನಮ್ಮಮ್ಮನ ಮನೇಲಿ ಕಲ್ತಿದ್ದಲ್ಲ. ನಿಮ್ಮಿಂದ ಕಲ್ತಿದ್ದು."

"ಏನು ನನ್ನಿಂದ?"

"ನಿಮ್ಮ ಮನೆ ಗೃಹಪ್ರವೇಶದ ದಿನ. ನಾನು ಮದ್ವೆಯಾಗಿ ಬಂದು ಆರು ತಿಂಗ್ಳೂ ಆಗಿರ್ಲಿಲ್ಲ. ನಿಮ್ಮವ್ವ ಬಾಗ್ಲಲ್ಲಿ ಕೂತ್ಕೊಂಡು ಚುಕ್ಕಿ ಇಡ್ತಿದ್ರು. ನೀವು ನನ್ನ ಪಕ್ಕಕ್ಕೆ ಕರೆದು, ಅತ್ತೆ ನೋಡೋದ್ರೊಳಗೆ ಅವ್ವನ್ನ ಒಳಗೆ ಕರ್ಕೊಂಡ್ಹೋಗು, ಇವತ್ತು ಅವ್ಳು ಹಾಕೋದು ಬೇಡ ಅಂದ್ರಿ. ನಾನೇ ಕರ್ಕೊಂಡು ಹೋದೆ ಅಕ್ಕ. ಕೈಯಲ್ಲಿ ಪುಡಿ ಹಾಗೇ ಇತ್ತು ಅವ್ರಿಗೆ. ಯಾಕಮ್ಮ ಅಂತಾನೂ ಕೇಳ್ಲಿಲ್ಲ."

ಅವಳು ಕುಳಿತುಕೊಳ್ಳಿ ಅಕ್ಕ, ನೀರು ಕೊಡಲಾ ಅಕ್ಕ ಎನ್ನುತ್ತಿದ್ದಳು. ನನಗೆ ಆ ದಿನದ ಹೋಮದ ಹೊಗೆ ನೆನಪಿತ್ತು, ಹಸು ಒಳಗೆ ಬರಲು ಹಟ ಮಾಡಿದ್ದು ನೆನಪಿತ್ತು, ಊಟಕ್ಕೆ ಎಲೆ ಸಾಲದೆ ಬಂದದ್ದೂ ನೆನಪಿತ್ತು. ಇದೊಂದು ಮಾತ್ರ ಎಲ್ಲಿ ಹೋಗಿತ್ತೋ. ಅವಳು ಹೇಳಿದ ಮೇಲೆ ಎಲ್ಲಾ ಬಂತು. ಅವ್ವ ಕನಕಪುರದ ಕಡೆಯಿಂದ ಮೊದಲನೆಯ ಬಸ್ಸು ಹಿಡಿದು ಬಂದಿದ್ದಳು. ಅಪ್ಪ ಹೋಗಿ ಎರಡು ವರ್ಷವಾಗಿತ್ತು. ಬಂದವಳೇ ಸೆರಗು ಸಿಕ್ಕಿಸಿ, ಮಗಳ ಮನೆಯ ಹೊಸಿಲ ಮುಂದೆ ಕುಳಿತು ಚುಕ್ಕಿ ಇಡಲು ಶುರು ಮಾಡಿದ್ದಳು. ಅವಳು ಇಟ್ಟ ಚುಕ್ಕಿಗಳ ಮೇಲೆ ಆಮೇಲೆ ನಾನು ಎಳೆ ಎಳೆದೆ. ಬಂದವರೆಲ್ಲ ಹೊಗಳಿದರು. ನಾನು ಹೊಗಳಿಸಿಕೊಂಡೆ. ನಮ್ಮ ಅತ್ತೆಯಾದರೂ ಏನೂ ಅಂದಿರಲಿಲ್ಲ. ಅನ್ನಬಹುದೆಂದು ನಾನೇ ಮುಂಚಿತವಾಗಿ ಮಾಡಿದೆ.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಗಂಡ ಹೋದಾಗ ಬಾರದೆ ಉಳಿದ ಅಳು ಅದೆಂದು ಯಾರಾದರೂ ಹೇಳಬಹುದು. ಅಲ್ಲ. ಅವರಿಗಾಗಿ ಅತ್ತದ್ದು ಅದರ ಹಿಂದೆ ಬಂತು, ಸ್ವಲ್ಪ. ಮೊದಲು ಅತ್ತದ್ದು ಅವ್ವನಿಗೆ, ಮತ್ತು ನನ್ನ ಬಗ್ಗೆ ನನಗೆ ಬಂದ ಹೇಸಿಗೆಗೆ. ಬಾಯಿಗೆ ಸೆರಗು ಒತ್ತಿಕೊಂಡಿದ್ದೆ, ಮೇಲಿನ ಮನೆಯವರಿಗೆ ಕೇಳಬಾರದೆಂದು.

ಮಾರನೆಯ ದಿನ ಹುಡುಗಿಯನ್ನು ಕರೆದು ಹೇಳಿದೆ. "ಬರ್ತೀನಿ. ಆದ್ರೆ ಹಬ್ಬದ ದಿನಾನೂ ನಾನೇ ಹಾಕೋದು. ಅಲ್ಲಿ ಗಣೇಶ ಕೂತ್ರೂ ನಾನೇ, ಕಸ ಬಿದ್ರೂ ನಾನೇ. ಆಗಲ್ಲ ಅಂದ್ರೆ ನಿಮ್ಮ ಅಂಕಲ್ ಈಗ್ಲೇ ಹೇಳ್ಲಿ." ಹುಡುಗಿ ಕೇಳಿಕೊಂಡು ಬರುತ್ತೇನೆಂದು ಹೋದಳು. ಕಮಿಟಿಯಲ್ಲಿ ಇಡುತ್ತೇವೆ ಎಂದರಂತೆ. ಇದನ್ನು ಬರೆಯುವ ಹೊತ್ತಿಗೆ ನಾಲ್ಕು ಶನಿವಾರ ಕಳೆದಿವೆ, ಉತ್ತರ ಬಂದಿಲ್ಲ. ಮೂಲೆಯಲ್ಲಿ ಕಸ ಮೊಣಕಾಲೆತ್ತರ ಆಗಿದೆ. ವಾರಗಿತ್ತಿ ಮೊನ್ನೆ ಗ್ರೂಪಿನಲ್ಲಿ, ಮುಂದಿನ ವರ್ಷ ನನ್ನ ಹೆಸರು ಹಾಕಬೇಡಿ, ನಮ್ಮ ಅಕ್ಕ ಹಾಕುತ್ತಾರೆ ಎಂದು ಬರೆದಳು. ಯಾರೂ ಅದಕ್ಕೆ ಏನೂ ಬರೆಯಲಿಲ್ಲ. ಒಬ್ಬರು ಮಾತ್ರ ಶುಭೋದಯದ ಹೂವಿನ ಚಿತ್ರ ಕಳಿಸಿದರು.

ನಾನಾದರೂ ಜಗಳ ತೆಗೆದೆ. ಅವ್ವ ತೆಗೆಯಲಿಲ್ಲ. ನನಗೆ ಚುಕ್ಕಿ ಹಿಡಿಯಲು ಕಲಿಸಿದವಳು ಅವಳು. ಚಿಕ್ಕಂದಿನಲ್ಲಿ ಒಂದು ಎಳೆ ಸೊಟ್ಟಗಾದರೂ ಅಂಗೈಯಿಂದ ಪೂರ್ತಿ ಅಳಿಸಿ, ಇನ್ನೊಂದು ಸಲ ಹಾಕು ಎನ್ನುತ್ತಿದ್ದಳು. ಗೃಹಪ್ರವೇಶವಾದ ಮೇಲೆ ಹನ್ನೊಂದು ವರ್ಷ ಬದುಕಿದ್ದಳು. ಎಷ್ಟೋ ಸಲ ಈ ಮನೆಗೆ ಬಂದಳು. ಬಂದಾಗಲೆಲ್ಲ ಸೀರೆಯನ್ನು ಸ್ವಲ್ಪ ಎತ್ತಿ ಹಿಡಿದು, ನನ್ನ ರಂಗೋಲಿಯನ್ನು ತುಳಿಯದ ಹಾಗೆ ಪಕ್ಕದಿಂದ ದಾಟಿ ಒಳಗೆ ಬರುತ್ತಿದ್ದಳು. ಆ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಚೆನ್ನಾಗಿದೆ ಎನ್ನಲಿಲ್ಲ, ಎಳೆ ತಪ್ಪಿದೆ ಎಂದೂ ಹೇಳಲಿಲ್ಲ. ನಾನು ಅದನ್ನು ಗಮನಿಸಿಯೇ ಇರಲಿಲ್ಲ.